ಗಾಳದ ಎರೆಗೆ ಸೆಂಟ್: ಯಾವುದನ್ನು ಆರಿಸಬೇಕು, ಎಷ್ಟು ಹಾಕಬೇಕು

ಬಾಟಲಿಯ ಮುಚ್ಚಳ ತೆಗೆದು ಮೂಸಿ, ಘಾಟು ಜೋರಾಗಿದೆ ಎಂದು ಸೆಂಟ್ ಕೊಳ್ಳುವವರೇ ಹೆಚ್ಚು. ತಪ್ಪು ಶುರುವಾಗುವುದು ಅಲ್ಲೇ. ನಮ್ಮ ಮೂಗಿಗೆ ಬಡಿಯುವುದು ಗಾಳಿಗೆ ಹಾರುವ ಅಂಶ. ಮೀನಿಗೆ ತಲುಪುವುದು ನೀರಲ್ಲಿ ಕರಗಿ, ನೀರಿನ ಜೊತೆ ಹರಿದು ಹೋಗುವ ಅಂಶ. ನಮಗೆ ಸಪ್ಪೆ ಎನಿಸುವ ಬಿಳಿ ಪುಡಿ ಮೀನನ್ನು ಎಳೆದು ತರಬಹುದು. ಇಡೀ ಮನೆ ಘಮಗುಡಿಸುವ ಎಣ್ಣೆ ತಣ್ಣೀರಲ್ಲಿ ಎರೆಗೆ ಮೆತ್ತಿಕೊಂಡೇ ಉಳಿದು, ಪಕ್ಕದಲ್ಲೇ ಇರುವ ಮೀನಿಗೂ ಸುದ್ದಿ ಮುಟ್ಟಿಸದೆ ಹೋಗಬಹುದು. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು: ಈ ಸೆಂಟ್ ಈ ನೀರಲ್ಲಿ ಎರೆಯನ್ನು ಬಿಟ್ಟು ಹೊರಡುತ್ತದೆಯೇ? ಹೊರಟರೆ, ಮೀನಿರುವ ಕಡೆಗೆ ಹೋಗುತ್ತದೆಯೇ?

ಮೀನು ಮೂಸುವ ಬಗೆ

ಮೀನಿನ ಕಣ್ಣಿಗೂ ಬಾಯಿಗೂ ನಡುವೆ, ಮೂತಿಯ ಎರಡೂ ಬದಿಯಲ್ಲಿ ಸಣ್ಣ ಹೊಳ್ಳೆಗಳಿರುತ್ತವೆ. ಬಹುಪಾಲು ಜಾತಿಗಳಲ್ಲಿ ಒಂದೊಂದು ಬದಿಗೆ ಎರಡೆರಡು ತೂತು: ಮುಂದಿನದರಲ್ಲಿ ನೀರು ಒಳಹೋಗುತ್ತದೆ, ಹಿಂದಿನದರಲ್ಲಿ ಹೊರಬರುತ್ತದೆ. ನಡುವೆ ಹೂವಿನ ಎಸಳುಗಳ ಹಾಗೆ ಮಡಿಕೆ ಮಡಿಕೆಯಾದ ಪೊರೆಯಿದೆ. ವಾಸನೆ ಹಿಡಿಯುವುದು ಆ ಪೊರೆ. ಉಸಿರಾಟವೆಲ್ಲ ಕಿವಿರಿನದು, ಈ ಹೊಳ್ಳೆಗೆ ಅದರಲ್ಲಿ ಪಾಲಿಲ್ಲ.

ವಾಸನೆ ದೂರದಿಂದ ಕರೆಯುತ್ತದೆ. ಎರೆಯನ್ನು ಬಾಯಲ್ಲಿ ಇಟ್ಟುಕೊಳ್ಳಬೇಕೋ ಉಗುಳಬೇಕೋ ಎಂದು ತೀರ್ಮಾನಿಸುವುದು ರುಚಿ. ರುಚಿ ಮೊಗ್ಗುಗಳು ಮೀನಿನ ತುಟಿಯಲ್ಲಿ, ಬಾಯೊಳಗೆ, ಕಿವಿರಿನ ಕಮಾನಿನ ಮೇಲೆ, ಮೀಸೆಯಲ್ಲಿ ಇರುತ್ತವೆ. ಕ್ಯಾಟ್‌ಫಿಶ್‌ಗಳಿಗಂತೂ ಮೈ ತುಂಬ ಇವೆ, ದೊಡ್ಡ ಮೀನೊಂದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು. ಎರೆಯನ್ನು ಬಾಯಿಗೆ ಹಾಕುವ ಮೊದಲೇ ಅದು ಮೀಸೆಯಿಂದ ಸವರಿ ರುಚಿ ನೋಡಿರುತ್ತದೆ.

ಈ ಎರಡೂ ಇಂದ್ರಿಯಗಳನ್ನು ಹೆಚ್ಚು ಕೆರಳಿಸುವುದು ಅಮೈನೋ ಆಮ್ಲಗಳು: ಅಲನಿನ್, ಆರ್ಜಿನಿನ್, ಪ್ರೋಲಿನ್, ಗ್ಲೈಸಿನ್ ಮುಂತಾದವು. ಹುಳು, ಸಿಗಡಿ, ಕಪ್ಪೆಚಿಪ್ಪಿನ ಮೈಯಿಂದ ನೀರಿಗೆ ಸೋರುವುದು ಇವೇ. ಬೀಟೈನ್ ಎಂಬ ಇನ್ನೊಂದು ವಸ್ತುವೂ ಸಿಗಡಿ, ಚಿಪ್ಪಿನ ಜೀವಿಗಳಲ್ಲಿ ಧಾರಾಳ. ಕ್ಯಾಟ್‌ಫಿಶ್ ಅಲನಿನ್ ಅನ್ನು ಎಷ್ಟು ತೆಳುವಾಗಿ ಗುರುತಿಸುತ್ತದೆ ಎಂದರೆ ಸಾವಿರ ಲೀಟರ್ ನೀರಿಗೆ 9 ಮಿಲಿಗ್ರಾಂ ಬೆರೆತರೆ ಸಾಕು. ಅದಕ್ಕಿಂತ ಕಡಿಮೆಯನ್ನೂ ಅದು ಹಿಡಿಯಬಲ್ಲದು. ಹೀಗಿರುವಾಗ ಬಾಟಲಿಗಟ್ಟಲೆ ಸುರಿಯುವ ಅಗತ್ಯವಿಲ್ಲ.

ಲೋಟದ ಪರೀಕ್ಷೆ

ಯಾವ ಸೆಂಟ್ ತಂದರೂ ಗಾಳಕ್ಕೆ ಹಚ್ಚುವ ಮೊದಲು ಇದನ್ನು ಮಾಡಿ. ಪಾರದರ್ಶಕ ಗಾಜಿನ ಲೋಟದಲ್ಲಿ ನೀರು ತುಂಬಿ, ಅದನ್ನು ನೀವು ಗಾಳ ಹಾಕುವ ನೀರಿನ ಉಷ್ಣತೆಗೆ ತನ್ನಿ. 12 ಡಿಗ್ರಿಯ ನೀರಿಗೆ ಹೋಗುವವರು 28 ಡಿಗ್ರಿಯ ನಲ್ಲಿ ನೀರಲ್ಲಿ ಪರೀಕ್ಷಿಸಿದರೆ ಉತ್ತರ ತಪ್ಪಾಗುತ್ತದೆ. ಅಡುಗೆ ಥರ್ಮಾಮೀಟರ್ ಸಾಕು, ಫ್ರಿಜ್‌ನಲ್ಲಿಟ್ಟು ತಣಿಸಿಕೊಳ್ಳಬಹುದು. ಲೋಟದ ಹಿಂದೆ ಕಪ್ಪು ಬಟ್ಟೆ ಅಥವಾ ಕಾಗದ ಹಿಡಿಯಿರಿ. ಒಂದು ಹನಿಯನ್ನು ನೀರಿನ ಮೇಲ್ಮೈಗೆ ತಾಗಿಸಿ ಬಿಡಿ, ಎತ್ತರದಿಂದ ಬೀಳಿಸಬೇಡಿ. ಕಲಕದೆ ಐದು ನಿಮಿಷ ನೋಡಿ.

ಹನಿ ಕೂಡಲೇ ಎಳೆ ಎಳೆಯಾಗಿ ಬಿಚ್ಚಿಕೊಂಡು, ಹೊಗೆಯ ಹಾಗೆ ತಿರುಚುತ್ತ ತಳಕ್ಕೆ ಇಳಿದರೆ ಅದು ನೀರಲ್ಲಿ ಕರಗುವ, ನೀರಿಗಿಂತ ಭಾರದ ಸೆಂಟ್. ತಳದಲ್ಲಿ ಮೇಯುವ ಮೀನಿಗೆ ಇದು ಸರಿ. ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಆಧಾರದ ಸೆಂಟ್‌ಗಳು ಹೀಗೆ ವರ್ತಿಸುತ್ತವೆ. ಗ್ಲಿಸರಿನ್ ನೀರಿಗಿಂತ ಸುಮಾರು ಕಾಲು ಭಾಗ ಹೆಚ್ಚು ಭಾರ.

ಹನಿ ಮೇಲೆ ತೇಲಿ ಕಾಮನಬಿಲ್ಲಿನ ಬಣ್ಣದ ಪೊರೆಯಾದರೆ ಅದು ಬರಿಯ ಎಣ್ಣೆ. ತಳದಲ್ಲಿರುವ ಎರೆಗೆ ಹಚ್ಚಿದರೆ ಗುಳ್ಳೆ ಗುಳ್ಳೆಯಾಗಿ ನೇರ ಮೇಲಕ್ಕೆ ಏರುತ್ತದೆ. ಬೆಚ್ಚನೆಯ ನೀರಲ್ಲಿ, ನಡುನೀರಿನ ಮೀನಿಗೆ ಇದರಿಂದ ಲಾಭವಿದೆ: ಏರುವ ಗುಳ್ಳೆ ಮೇಲಿನ ಮೀನನ್ನು ಕೆಳಗಿನ ಎರೆಯ ಕಡೆಗೆ ತಿರುಗಿಸುತ್ತದೆ. ತಣ್ಣೀರಲ್ಲಿ ಎಣ್ಣೆ ಗಟ್ಟಿಯಾಗಿ ಎರೆಯನ್ನು ಬಿಡುವುದೇ ಇಲ್ಲ. ಅಷ್ಟೇ ಅಲ್ಲ, ಎರೆಯ ಸುತ್ತ ಪದರವಾಗಿ ನಿಂತು ಒಳಗಿನ ಅಸಲಿ ಅಮೈನೋ ಆಮ್ಲಗಳೂ ಹೊರಬರದಂತೆ ತಡೆಯುತ್ತದೆ.

ಮೂರನೆಯದು, ಹನಿ ಹಾಲಿನ ಹಾಗೆ ಬಿಳಿ ಮೋಡವಾಗಿ ನಡುವೆ ಹರಡಿ ನಿಲ್ಲುವುದು. ಎಣ್ಣೆಯ ಜೊತೆ ಲೆಸಿಥಿನ್‌ನಂಥ ಬೆರಕೆಕಾರಕ ಸೇರಿದಾಗ ಹೀಗಾಗುತ್ತದೆ. ಎಣ್ಣೆಯ ವಾಸನೆ ಬೇಕು, ಆದರೆ ನೀರಲ್ಲಿ ಹರಡಲೂ ಬೇಕು ಎನ್ನುವವರಿಗೆ ಇದೇ ಸರಿ. ಒಂದೇ ಬಾಟಲಿ ಕೊಳ್ಳುವುದಾದರೆ ಮೊದಲ ಅಥವಾ ಮೂರನೇ ಬಗೆಯದು ಇರಲಿ.

ಹನಿ ಗಟ್ಟಿ ಮಣಿಯಾಗಿ ತಳದಲ್ಲಿ ಕೂತು ಐದು ನಿಮಿಷವಾದರೂ ಅಲುಗದಿದ್ದರೆ ಆ ಸೆಂಟ್ ಆ ಉಷ್ಣತೆಗೆ ಆಗದು. ಸೋಂಪಿನ ಎಣ್ಣೆಯಲ್ಲಿ ಇದು ಸಾಮಾನ್ಯ. ಅದರ ಮುಖ್ಯ ಅಂಶ ಅನೆಥೋಲ್ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಹೆಪ್ಪುಗಟ್ಟತೊಡಗುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ನಡೆದ ಬಾಟಲಿ ಚಳಿಗಾಲದಲ್ಲಿ ಸುಮ್ಮನಾಗುವುದಕ್ಕೆ ಇಂಥವೇ ಕಾರಣ.

ಯಾವ ಮೀನಿಗೆ ಯಾವುದು

ಕ್ಯಾಟ್‌ಫಿಶ್ ಕತ್ತಲಲ್ಲಿ, ಕದಡಿದ ನೀರಲ್ಲಿ ಮೂಗು ಮತ್ತು ಮೀಸೆಯಿಂದಲೇ ಬೇಟೆಯಾಡುತ್ತದೆ. ಸೆಂಟ್‌ನ ಪೂರ್ತಿ ಫಲ ಸಿಗುವುದು ಇದರಲ್ಲೇ. ಯಕೃತ್ತು, ರಕ್ತದ ಪುಡಿ, ಮೀನಿನ ಹಿಟ್ಟು, ಸಿಗಡಿ ಸಾರ ಎಲ್ಲಕ್ಕೂ ಬರುತ್ತದೆ. ಕೊಳೆತಷ್ಟೂ ಒಳ್ಳೆಯದು ಎಂಬ ನಂಬಿಕೆ ಮಾತ್ರ ಅರ್ಧ ಸತ್ಯ. ಮಾಂಸ ಒಂದಷ್ಟು ಹಳೆಯದಾದಾಗ ಪ್ರೋಟೀನ್ ಒಡೆದು ಅಮೈನೋ ಆಮ್ಲಗಳು ಬಿಡುಗಡೆಯಾಗುತ್ತವೆ, ಅಲ್ಲಿಯವರೆಗೆ ಲಾಭ. ಅದನ್ನು ಮೀರಿದರೆ ಬ್ಯಾಕ್ಟೀರಿಯಾಗಳು ಆ ಅಮೈನೋ ಆಮ್ಲಗಳನ್ನೇ ತಿಂದು ಹಾಕುತ್ತವೆ. ಉಳಿಯುವುದು ನಮ್ಮ ಮೂಗಿಗೆ ನಾತ, ಮೀನಿಗೆ ಬರಿದು.

ಗೆಂಡೆ ಜಾತಿಯ ಮೀನುಗಳು ತಳ ಕೆದಕಿ, ಬಾಯಲ್ಲಿ ಹಾಕಿ, ರುಚಿ ನೋಡಿ, ಬೇಡದ್ದನ್ನು ಉಗುಳುತ್ತವೆ. ಇವಕ್ಕೆ ದೂರದ ವಾಸನೆಗಿಂತ ಬಾಯೊಳಗಿನ ರುಚಿ ಮುಖ್ಯ, ಹಾಗಾಗಿ ಸೆಂಟ್ ಎರೆಯ ಮೇಲಷ್ಟೇ ಅಲ್ಲ, ಒಳಗೂ ಇರಬೇಕು. ನೆನೆದು ತುಸು ಹುಳಿಯೇರಿದ ಕಾಳು, ಯೀಸ್ಟ್, ಕಾಕಂಬಿ, ಬೀಟೈನ್, ಮೀನಿನ ಹಿಟ್ಟು ಇವಕ್ಕೆ ಒಗ್ಗುತ್ತವೆ. ಹಣ್ಣಿನ ಸೆಂಟ್‌ಗಳೂ ನಡೆಯುತ್ತವೆ, ಆದರೆ ಅವುಗಳಲ್ಲಿ ಆಹಾರದ ಸತ್ವವಿಲ್ಲ. ಬರೇ ಸ್ಟ್ರಾಬೆರಿ ವಾಸನೆಯ ಮೈದಾ ಉಂಡೆಯನ್ನು ಮೀನು ಒಮ್ಮೆ ಬಾಯಿಗೆ ಹಾಕಿ ಬಿಡುತ್ತದೆ.

ಬಾಸ್, ಮರಲ್‌ನಂಥ ಹೊಂಚಿ ಹೊಡೆಯುವ ಮೀನುಗಳು ಕಣ್ಣಿನಿಂದ, ಮೈಬದಿಯ ಗೆರೆ ಹಿಡಿಯುವ ಕಂಪನದಿಂದ ಬೇಟೆಯಾಡುತ್ತವೆ. ವೇಗವಾಗಿ ಎಳೆಯುವ ಲ್ಯೂರ್‌ಗೆ, ಅಂದರೆ ಕೃತಕ ಎರೆಗೆ, ಸೆಂಟ್ ಹಚ್ಚಿದರೆ ಹೆಚ್ಚೇನೂ ಆಗದು, ಮೂಸುವಷ್ಟು ಸಮಯವನ್ನೇ ಮೀನು ತೆಗೆದುಕೊಳ್ಳುವುದಿಲ್ಲ. ತಳದಲ್ಲಿ ನಿಧಾನ ತೆವಳಿಸುವ, ನಿಲ್ಲಿಸಿ ನಿಲ್ಲಿಸಿ ಆಡಿಸುವ ಮೆತ್ತನೆಯ ಸಾಫ್ಟ್ ಪ್ಲಾಸ್ಟಿಕ್ ಲ್ಯೂರ್‌ಗೆ ಹಚ್ಚಿದರೆ ಕೆಲಸವಿದೆ. ಮೀನು ಅದನ್ನು ಬಾಯಲ್ಲಿ ಇನ್ನೊಂದು ಕ್ಷಣ ಹಿಡಿದಿದ್ದರೂ ಕೊಕ್ಕೆ ಸೆಳೆಯಲು ಸಮಯ ಸಿಗುತ್ತದೆ.

ಟ್ರೌಟ್, ಸಾಲ್ಮನ್‌ಗೆ ಮೀನಿನ ಮೊಟ್ಟೆ, ಸಿಗಡಿ, ಬೆಳ್ಳುಳ್ಳಿ, ಸೋಂಪು ಬಳಕೆಯಲ್ಲಿವೆ. ನೀರು ತಣ್ಣಗಿರುವುದರಿಂದ ನೀರಲ್ಲಿ ಕರಗುವ ರೂಪದಲ್ಲೇ ಕೊಳ್ಳಿ. ಸಮುದ್ರದಲ್ಲಿ ಹರಿವು ಜೋರು, ಸೆಂಟ್ ಬೇಗ ತೊಳೆದುಹೋಗುತ್ತದೆ. ಅಲ್ಲಿ ಸೆಂಟ್‌ಗಿಂತ ಹಸಿ ಸಿಗಡಿ, ಬಂಗುಡೆ, ಬೊಂಡಾಸದ ತುಂಡನ್ನು ಮೇಲಿಂದ ಮೇಲೆ ಬದಲಿಸುವುದೇ ಒಳ್ಳೆಯದು.

ಅಳತೆ

ಅತಿಯಾದ ಸೆಂಟ್ ಕಡಿಮೆ ಸೆಂಟ್‌ಗಿಂತ ಕೆಟ್ಟದ್ದು. ಸಾಂದ್ರವಾದ ರಾಸಾಯನಿಕ ಕಹಿಯಾಗಿರುತ್ತದೆ. ಮೀನು ಎರೆಯವರೆಗೆ ಬಂದು, ತುಟಿಗೆ ತಾಗಿಸಿ, ಉಗುಳಿ ಹೋಗುತ್ತದೆ. ಬೆಂಡು ತುಸು ಅಲುಗಿ ಸುಮ್ಮನಾಗುವುದು ಮತ್ತೆ ಮತ್ತೆ ಆಗುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

500 ಗ್ರಾಂ ಒಣ ಹಿಟ್ಟಿಗೆ ಹೀಗೆ ಹಾಕಿ. ಅಂಗಡಿಯ ಸಾಧಾರಣ ದ್ರವ ಸೆಂಟ್ 3 ರಿಂದ 5 ಮಿಲಿ, ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ಬೆಳ್ಳುಳ್ಳಿ, ಸೋಂಪಿನಂಥ ಸಾರ ಎಣ್ಣೆಗಳು 3 ರಿಂದ 5 ಹನಿ, ಚಮಚದಲ್ಲಿ ಅಲ್ಲ. ಬೀಟೈನ್ 3 ರಿಂದ 5 ಗ್ರಾಂ. ಉಪ್ಪು 5 ರಿಂದ 10 ಗ್ರಾಂ. ಬ್ಯುಟಿರಿಕ್ ಆಮ್ಲ ಬಳಸುವವರು ಅರ್ಧದಿಂದ 1 ಮಿಲಿ ದಾಟಬೇಡಿ. ಅದು ಚರ್ಮ ಸುಡುತ್ತದೆ, ಕೈಗವಸು ಹಾಕಿ, ಬಯಲಲ್ಲಿ ಅಳೆಯಿರಿ. ಹನಿಗಳನ್ನು ಬಾಟಲಿಯಿಂದ ನೇರ ಹಿಟ್ಟಿಗೆ ಬಿಡಬೇಡಿ. ಮೊದಲು ಕಲಸುವ ನೀರಿಗೋ ಎಣ್ಣೆಗೋ ಬೆರೆಸಿ, ಆಮೇಲೆ ಹಿಟ್ಟಿಗೆ ಸೇರಿಸಿ. ಇಲ್ಲದಿದ್ದರೆ ಒಂದು ಉಂಡೆಯಲ್ಲಿ ಐದೂ ಹನಿ, ಉಳಿದವುಗಳಲ್ಲಿ ಏನೂ ಇಲ್ಲ ಎಂದಾಗುತ್ತದೆ.

ಲವಂಗದ ಎಣ್ಣೆಯ ಬಗ್ಗೆ ಒಂದು ಮಾತು. ಅದರ ಯುಜಿನಾಲ್ ಮೀನನ್ನು ಮರವಳಿಸುವ ವಸ್ತು. ಮೀನು ಸಾಕಣೆಯಲ್ಲಿ, ಸಂಶೋಧನೆಯಲ್ಲಿ ಮೀನಿಗೆ ಅರಿವಳಿಕೆಯಾಗಿ ಇದನ್ನೇ ಬಳಸುತ್ತಾರೆ. ಎರೆಗೆ ಹಾಕಲೇಬೇಕೆಂದರೆ 500 ಗ್ರಾಂಗೆ ಒಂದು ಹನಿ ಸಾಕು; ಹಾಕದೇ ಇದ್ದರೂ ನಷ್ಟವಿಲ್ಲ.

ಎರಡು ಸೆಂಟ್‌ಗಿಂತ ಹೆಚ್ಚು ಬೆರೆಸಬೇಡಿ. ಐದಾರು ಬಾಟಲಿ ಬೆರೆಸಿದರೆ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಮನೆಯಲ್ಲೇ ಮಾಡುವ ಸಿಗಡಿ ಸಾರ

ತಳದ ಮೀನಿಗೆ ಅಂಗಡಿಯ ಬಾಟಲಿಗಿಂತ ಇದನ್ನು ನಾವು ಮೇಲೆ ಇಡುತ್ತೇವೆ. ಒಳಗೇನಿದೆ ಎಂದು ಗೊತ್ತಿರುತ್ತದೆ, ಎಲ್ಲವೂ ನೀರಲ್ಲಿ ಕರಗುವಂಥದ್ದು. ಬೇಕಾದ್ದು: ಒಣ ಸಿಗಡಿ ಪುಡಿ 50 ಗ್ರಾಂ, ನೀರು 250 ಮಿಲಿ, ಉಪ್ಪು 25 ಗ್ರಾಂ, ಬೀಟೈನ್ 5 ಗ್ರಾಂ, ಗ್ಲಿಸರಿನ್ 100 ಮಿಲಿ.

ನೀರನ್ನು 60 ಡಿಗ್ರಿಗೆ ಕಾಯಿಸಿ. ಬೆರಳು ಅದ್ದಿ ಇಟ್ಟುಕೊಳ್ಳಲಾಗದಷ್ಟು ಬಿಸಿ, ಆದರೆ ಪಾತ್ರೆಯ ತಳದಿಂದ ಗುಳ್ಳೆ ಏಳಬಾರದು. ಕುದಿಸಿದರೆ ಪ್ರೋಟೀನ್ ಗಟ್ಟಿಯಾಗಿ ಪುಡಿಯೊಳಗೇ ಕೂತುಬಿಡುತ್ತದೆ, ವಾಸನೆಯ ಅಂಶ ಆವಿಯ ಜೊತೆ ಹೋಗುತ್ತದೆ. ಪುಡಿ ಹಾಕಿ ಕಲಕಿ, ಮುಚ್ಚಿ ಒಂದು ಗಂಟೆ ಬಿಡಿ. ತೆಳು ಹತ್ತಿ ಬಟ್ಟೆಯಲ್ಲಿ ಹಿಂಡಿ ಸೋಸಿ, ಬಟ್ಟೆ ತೊಳೆದು ಇನ್ನೊಮ್ಮೆ ಸೋಸಿ. ಕಿತ್ತಳೆ ಛಾಯೆಯ, ತುಸು ಮಬ್ಬಾದ ನೀರು ಸಿಗುತ್ತದೆ. ಬಿಸಿ ಇರುವಾಗಲೇ ಉಪ್ಪು, ಬೀಟೈನ್ ಕರಗಿಸಿ, ಆರಿದ ಮೇಲೆ ಗ್ಲಿಸರಿನ್ ಸೇರಿಸಿ ಕುಲುಕಿ.

ಗ್ಲಿಸರಿನ್ ಇಲ್ಲಿ ಸಾರವನ್ನು ಭಾರ ಮಾಡಿ ತಳಕ್ಕಿಳಿಸುತ್ತದೆ, ಎರೆಗೆ ಅಂಟಿಸುತ್ತದೆ. ಉಪ್ಪು ಕೆಡುವುದನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ಹೆಚ್ಚಿದ್ದರೆ ಐಸ್ ತಟ್ಟೆಯಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ, ಹೋಗುವ ದಿನ ನಾಲ್ಕು ತುಂಡು ತೆಗೆದುಕೊಂಡರೆ ಸಾಕು. ಗ್ಲಿಸರಿನ್ ಇರುವುದರಿಂದ ಕಲ್ಲಿನಂತೆ ಗಟ್ಟಿಯಾಗದು, ಶರಬತ್ತಿನ ಐಸ್‌ನಂತೆ ಇರುತ್ತದೆ. ಮುಚ್ಚಳ ತೆಗೆದಾಗ ಸೋಡಾದಂತೆ ಗ್ಯಾಸ್ ಬಂದರೆ ಹುದುಗಿದೆ ಎಂದರ್ಥ, ಚೆಲ್ಲಿಬಿಡಿ.

ಎಣ್ಣೆ ರೂಪ ಬೇಕಿದ್ದವರು 100 ಮಿಲಿ ಮೀನೆಣ್ಣೆಗೆ 5 ಮಿಲಿ ದ್ರವ ಲೆಸಿಥಿನ್ ಸೇರಿಸಿ ಎರಡು ನಿಮಿಷ ಕುಲುಕಿ. ಲೋಟದ ಪರೀಕ್ಷೆಯಲ್ಲಿ ಬಿಳಿ ಮೋಡ ಬರಬೇಕು. ಬಾರದಿದ್ದರೆ ಇನ್ನೂ 2 ಮಿಲಿ ಲೆಸಿಥಿನ್ ಹಾಕಿ.

ಹಿಟ್ಟಿನ ಎರೆಗೆ ಸೇರಿಸುವುದು

ಗೋಧಿ ಹಿಟ್ಟು 300 ಗ್ರಾಂ, ಮೀನಿನ ಹಿಟ್ಟು 150 ಗ್ರಾಂ, ಸಿಗಡಿ ಪುಡಿ 50 ಗ್ರಾಂ, ಉಪ್ಪು 5 ಗ್ರಾಂ ಒಣಗಿರುವಾಗಲೇ ಚೆನ್ನಾಗಿ ಬೆರೆಸಿ. 50 ಮಿಲಿ ಸಿಗಡಿ ಸಾರವನ್ನು 200 ಮಿಲಿ ನೀರಿಗೆ ಸೇರಿಸಿ, ಸ್ವಲ್ಪ ಸ್ವಲ್ಪ ಹಾಕುತ್ತ ಕಲಸಿ. ಹಿಟ್ಟಿಂದ ಹಿಟ್ಟಿಗೆ ನೀರು ಹೀರುವುದು ಬೇರೆ, ಅದಕ್ಕೆ ಪೂರ್ತಿ ಒಮ್ಮೆಲೇ ಸುರಿಯಬೇಡಿ. ಕಿವಿಯ ಹಾಲೆಯಷ್ಟು ಮೃದುವಾದಾಗ ನಿಲ್ಲಿಸಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ಆಮೇಲೆ ಗೋಲಿ ಗಾತ್ರದ ಒಂದು ಉಂಡೆಯನ್ನು ಲೋಟದ ನೀರಿಗೆ ಹಾಕಿ ಗಡಿಯಾರ ನೋಡಿ. ನಿಂತ ನೀರಿನ ಎರೆಯಾದರೆ 20 ನಿಮಿಷದಲ್ಲಿ ಹೊರಮೈ ಮೆತ್ತಗಾಗಿ ನುಣ್ಣನೆ ಮಬ್ಬು ಬಿಡಬೇಕು, ಒಳತಿರುಳು ಗಟ್ಟಿ ಉಳಿಯಬೇಕು. ಐದೇ ನಿಮಿಷದಲ್ಲಿ ಕುಸಿದರೆ ಗೋಧಿ ಹಿಟ್ಟು ಹೆಚ್ಚಿಸಿ ಇನ್ನಷ್ಟು ನಾದಿ. ಅರ್ಧ ಗಂಟೆಯಾದರೂ ರಬ್ಬರಿನಂತೆ ಹೊಳೆಯುತ್ತ ಕೂತಿದ್ದರೆ ನಾದಿದ್ದು ಹೆಚ್ಚಾಗಿದೆ. ಒಂದು ಹಿಡಿ ಒರಟು ರವೆ ಸೇರಿಸಿ ಒಡಕು ತನ್ನಿ. ಸೆಂಟ್ ಎಷ್ಟೇ ಒಳ್ಳೆಯದಿರಲಿ, ಮುಚ್ಚಿದ ಉಂಡೆಯೊಳಗಿಂದ ಹೊರಬರಲಾರದು.

ಬೇಯಿಸಿದ ಉಂಡೆ, ಅಂದರೆ ಬಾಯ್ಲಿ ಮಾಡುವವರು ಗಮನಿಸಿ: ಕುದಿಯುವ ನೀರಲ್ಲಿ ವಾಸನೆಯ ಒಂದು ಪಾಲು ಆವಿಯಾಗುತ್ತದೆ, ಕರಗುವ ಅಂಶ ಸೋರಿಹೋಗುತ್ತದೆ. ಒಂದೂವರೆ ಎರಡು ನಿಮಿಷಕ್ಕಿಂತ ಹೆಚ್ಚು ಬೇಯಿಸದೆ, ಬಟ್ಟೆಯ ಮೇಲೆ ಒಂದು ದಿನ ಆರಿಸಿ, ಆಮೇಲೆ ಡಬ್ಬಿಯಲ್ಲಿ ಹಾಕಿ ಉಂಡೆ ಒದ್ದೆಯಾಗುವಷ್ಟು ಸಾರ ಸುರಿದು 24 ರಿಂದ 48 ಗಂಟೆ ನೆನೆಸಿ. ದಿನಕ್ಕೆರಡು ಸಲ ಡಬ್ಬಿ ಉರುಳಿಸಿ. ಒಣಗಿದ ಉಂಡೆ ಸ್ಪಂಜಿನಂತೆ ಹೀರಿಕೊಳ್ಳುತ್ತದೆ.

ಮೇವು ತುಂಬಿ ಗಾಳದ ಜೊತೆ ಎಸೆಯುವ ಪಿವಿಎ ಚೀಲ ಬಳಸುವವರಿಗೆ ಒಂದು ಎಚ್ಚರಿಕೆ. ಆ ಚೀಲ ನೀರಲ್ಲಿ ಕರಗುವುದಕ್ಕೆಂದೇ ಇರುವುದು, ನೀರು ಆಧಾರದ ಸೆಂಟ್ ಹಾಕಿದರೆ ಕೈಯಲ್ಲೇ ಕರಗುತ್ತದೆ. ಎಣ್ಣೆ ಹಾಕಿ, ಇಲ್ಲವೇ ಸಾರದಲ್ಲಿ ಇನ್ನು ಕರಗದು ಎನ್ನುವವರೆಗೆ ಉಪ್ಪು ಕರಗಿಸಿ. ಅಷ್ಟು ಉಪ್ಪಿದ್ದರೆ ಪಿವಿಎ ಕರಗುವುದಿಲ್ಲ.

ಸಾಫ್ಟ್ ಪ್ಲಾಸ್ಟಿಕ್‌ಗೆ ಹಚ್ಚುವುದು

ಸಾಫ್ಟ್ ಪ್ಲಾಸ್ಟಿಕ್ ಹೆಚ್ಚಾಗಿ ಎಣ್ಣೆಯಂಥ ಮೃದುಕಾರಕ ಬೆರೆತ ಪಿವಿಸಿ. ನೀರಿನ ಸೆಂಟ್ ಅದರ ಮೇಲೆ ಹನಿಗಟ್ಟಿ ಜಾರುತ್ತದೆ, ಒಂದೆರಡು ಎಸೆತಕ್ಕೆ ತೊಳೆದು ಹೋಗುತ್ತದೆ. ಇಲ್ಲಿ ಎಣ್ಣೆ ಅಥವಾ ಜೆಲ್ ಬೇಕು. ಹತ್ತು ಲ್ಯೂರ್‌ಗಳ ಜಿಪ್ ಚೀಲಕ್ಕೆ 5 ಮಿಲಿ ಎಣ್ಣೆ ಸೆಂಟ್ ಹಾಕಿ, ಗಾಳಿ ತೆಗೆದು, ಹೊರಗಿನಿಂದ ತೀಡಿ ಎಲ್ಲಕ್ಕೂ ತಾಗಿಸಿ, ಒಂದು ದಿನ ಬಿಡಿ. ಬೇರೆ ಬೇರೆ ಬಣ್ಣದವನ್ನು ಒಂದೇ ಚೀಲದಲ್ಲಿ ಇಡಬೇಡಿ, ಬಣ್ಣ ಒಂದರಿಂದ ಇನ್ನೊಂದಕ್ಕೆ ಇಳಿಯುತ್ತದೆ. ಟಿಪಿಇ ಎಂಬ ಹಿಗ್ಗುವ ಪ್ಲಾಸ್ಟಿಕ್‌ನ ಲ್ಯೂರ್‌ಗಳನ್ನು ಪಿವಿಸಿ ಲ್ಯೂರ್ ಜೊತೆ ಇಟ್ಟರೆ ಎರಡೂ ಕರಗಿ ಮುದ್ದೆಯಾಗುತ್ತವೆ.

ಮೇಣ ಅಥವಾ ವ್ಯಾಸಲೀನ್ ಆಧಾರದ ಜೆಲ್ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ನಿಜ, ನಿಲ್ಲುತ್ತದೆ. ಆದರೆ ಹೆಚ್ಚು ಹೊತ್ತು ನಿಲ್ಲುವುದು ಎಂದರೆ ನೀರಿಗೆ ಕಡಿಮೆ ಬಿಡುವುದು ಎಂದೇ ಅರ್ಥ. ಮೀನಿನ ಬಾಯಿಗೆ ತಾಗಿದಾಗಿನ ರುಚಿಗೆ ಅದು ಸರಿ, ದೂರದಿಂದ ಕರೆಯಲು ಅಲ್ಲ. ದೂರಕ್ಕೂ ಬೇಕೆಂದರೆ ಟೊಳ್ಳು ಲ್ಯೂರ್‌ನ ಒಳಗೆ ಕಡಲೆ ಕಾಳಿನಷ್ಟು ಸ್ಪಂಜನ್ನು ಸಿಗಡಿ ಸಾರದಲ್ಲಿ ಅದ್ದಿ ತುರುಕಿ. ಗಟ್ಟಿ ಲ್ಯೂರ್ ಆದರೆ ಕೊಕ್ಕೆಯ ಕಾಲಿಗೆ ಎರಡು ಸುತ್ತು ಉಣ್ಣೆ ದಾರ ಕಟ್ಟಿ ಅದಕ್ಕೆ ಸೆಂಟ್ ಕುಡಿಸಿ. ಲ್ಯೂರ್‌ನ ಬಣ್ಣಕ್ಕೆ ಸ್ಪಿರಿಟ್ ಆಧಾರದ ಸೆಂಟ್ ತಾಗಿಸಬೇಡಿ, ಬಣ್ಣ ಏಳುತ್ತದೆ. ಎಣ್ಣೆಯಾದರೆ ಹದಿನೈದು ಇಪ್ಪತ್ತು ಎಸೆತಕ್ಕೊಮ್ಮೆ ಮತ್ತೆ ಹಚ್ಚಬೇಕು.

ಸಜೀವ ಎರೆಹುಳುವಿಗೆ ಸೆಂಟ್ ಬೇಕಿಲ್ಲ. ಅದರ ಮೈಯಿಂದ ಸೋರುವುದಕ್ಕಿಂತ ಒಳ್ಳೆಯದು ಬಾಟಲಿಯಲ್ಲಿಲ್ಲ. ಸಿಗಡಿ ತುಂಡಾಗಲಿ ಹುಳುವಾಗಲಿ ಅರ್ಧ ಗಂಟೆಗೆ ಬಿಳುಚಿ, ಹಿಂಡಿದರೆ ನೀರಷ್ಟೇ ಬರುವಂತಾಗುತ್ತದೆ. ಅಂಥ ಎರೆಗೆ ಸೆಂಟ್ ಹಚ್ಚಿ ಉಳಿಸಿಕೊಳ್ಳುವುದಕ್ಕಿಂತ ಹೊಸದು ಸಿಕ್ಕಿಸಿ.

ನೀರು ಒಯ್ಯುವ ದಿಕ್ಕು

ಕರಗಿದ ವಸ್ತು ನೀರಲ್ಲಿ ತಾನಾಗಿ ಹರಡುವ ವೇಗ ನಂಬಲಾಗದಷ್ಟು ಕಡಿಮೆ. ಪೂರ್ತಿ ನಿಶ್ಚಲ ನೀರಿದ್ದರೆ ಒಂದು ಅಮೈನೋ ಆಮ್ಲ ಒಂದೇ ಸೆಂಟಿಮೀಟರ್ ದಾಟಲು ಹತ್ತು ಗಂಟೆಗೂ ಹೆಚ್ಚು ಬೇಕು. ಸೆಂಟ್‌ನ್ನು ಮೀನಿನವರೆಗೆ ಒಯ್ಯುವುದು ಹರಿವು, ಅಲೆ, ಗಾಳಿ. ಹಾಗಾಗಿ ಎಲ್ಲಿ ಎಸೆಯಬೇಕು ಎಂಬುದು ಯಾವ ಸೆಂಟ್ ಎಂಬುದಕ್ಕಿಂತ ದೊಡ್ಡ ಪ್ರಶ್ನೆ.

ಹೊಳೆಯಲ್ಲಿ ಲೆಕ್ಕ ಸುಲಭ: ಮೀನಿರುವ ಗುಂಡಿಯ ಅಥವಾ ಬಂಡೆಯ ಮೇಲ್ದಿಕ್ಕಿಗೆ, ಮೂರರಿಂದ ಐದು ಮೀಟರ್ ಮೊದಲೇ ಎರೆ ಕೂರಿಸಿ. ಕೆರೆಯಲ್ಲಿ ಹಲವರು ಎಡವುತ್ತಾರೆ. ಗಾಳಿ ಬೀಸಿದ ದಿಕ್ಕಿಗೆ ಮೇಲ್ನೀರು ತಳ್ಳಲ್ಪಡುತ್ತದೆ, ಆಚೆ ದಡಕ್ಕೆ ಬಡಿದ ನೀರು ಕೆಳಗಿಳಿದು ತಳದಲ್ಲಿ ಹಿಂದಿರುಗುತ್ತದೆ. ಅಂದರೆ ತಳದ ಎರೆಯ ವಾಸನೆ ಗಾಳಿಗೆ ಎದುರಾಗಿ ಹೋಗುತ್ತದೆ, ತೇಲುವ ಎರೆಯದು ಗಾಳಿಯ ಜೊತೆ ಹೋಗುತ್ತದೆ. ಬೆಂಡು ಪೂರ್ವಕ್ಕೆ ತೇಲುತ್ತಿದ್ದರೆ ತಳದ ಸೆಂಟ್ ಪಶ್ಚಿಮಕ್ಕೆ ಹೊರಟಿರುವ ಸಾಧ್ಯತೆಯೇ ಹೆಚ್ಚು. ತಳದ ಹರಿವನ್ನು ಖಚಿತಪಡಿಸಿಕೊಳ್ಳಲು ತೆಳು ದಾರಕ್ಕೆ ಸೀಸ ಕಟ್ಟಿ, ಸೀಸದಿಂದ ಒಂದು ಗೇಣು ಮೇಲೆ ಬಿಳಿ ಉಣ್ಣೆಯ ಎಳೆ ಗಂಟು ಹಾಕಿ, ತಿಳಿನೀರಿನ ಅಂಚಿನಲ್ಲಿ ಇಳಿಸಿ ಎಳೆ ಯಾವ ಕಡೆ ವಾಲುತ್ತದೆ ನೋಡಿ.

ಒಮ್ಮೆ ಹಾಕಿದ ಮೇಲೆ ಜಾಗ ಬದಲಿಸದೆ ಕನಿಷ್ಠ 20 ನಿಮಿಷ ಬಿಡಿ. ಐದು ನಿಮಿಷಕ್ಕೊಮ್ಮೆ ಎಳೆದು ಬೇರೆ ಬೇರೆ ಕಡೆ ಎಸೆದರೆ ವಾಸನೆಯ ದಾರಿ ತುಂಡು ತುಂಡಾಗುತ್ತದೆ. ಬಂದ ಮೀನಿಗೆ ದಾರಿಯ ಕೊನೆಯಲ್ಲಿ ಎರೆಯೇ ಇರುವುದಿಲ್ಲ. ಬದಲಿಸಿ ಹಾಕುವಾಗ ಅದೇ ಜಾಗಕ್ಕೆ ಬೀಳಲಿ. ಎದುರು ದಡದ ಒಂದು ಮರವನ್ನು ಗುರಿಯಾಗಿಟ್ಟುಕೊಂಡು, ದೂರಕ್ಕೆ ದಾರದ ಮೇಲೆ ಮಾರ್ಕರ್ ಗುರುತು ಹಾಕಿಕೊಳ್ಳಿ.

ಕೈ

ಮುಳ್ಳಿಗೆ ಎರೆ ಸಿಕ್ಕಿಸುವ ಕೈಯೇ ಎಷ್ಟೋ ಸಲ ಮೀನು ಓಡಿಸುತ್ತದೆ. ಮನುಷ್ಯರ ಮತ್ತು ಇತರ ಸಸ್ತನಿಗಳ ಚರ್ಮದಿಂದ ಸೋರುವ ಎಲ್-ಸೆರಿನ್ ಎಂಬ ಅಮೈನೋ ಆಮ್ಲ ವಲಸೆ ಹೊರಟ ಸಾಲ್ಮನ್ ಮೀನನ್ನು ಹಿಮ್ಮೆಟ್ಟಿಸುತ್ತದೆ ಎಂದು 1956ರಲ್ಲೇ ಪ್ರಯೋಗಗಳು ತೋರಿಸಿವೆ. ಎಲ್ಲ ಮೀನಿಗೂ ಅದೇ ಅನ್ವಯ ಎನ್ನಲಾಗದು, ಆದರೆ ಪೆಟ್ರೋಲ್, ಸನ್‌ಸ್ಕ್ರೀನ್, ತಂಬಾಕು, ಸೊಳ್ಳೆ ಕ್ರೀಮ್ ತಾಗಿದ ಕೈ ಯಾವ ಮೀನಿಗೂ ಬೇಡ. ಸೊಳ್ಳೆ ಕ್ರೀಮಿನ ಡೀಟ್ ವಾಸನೆಯಷ್ಟೇ ಅಲ್ಲ, ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡಿ ಲ್ಯೂರ್ ಮತ್ತು ರೀಲಿನ ಭಾಗಗಳನ್ನು ಹಾಳು ಮಾಡುತ್ತದೆ. ಕ್ರೀಮನ್ನು ಕೈಯ ಹಿಂಬದಿಯಿಂದ ಹಚ್ಚಿ, ಅಂಗೈಗೆ ತಾಗಿಸಬೇಡಿ. ವಾಸನೆಯಿಲ್ಲದ ಸೋಪಿನಿಂದ ಕೈ ತೊಳೆದು, ದಡದ ಕೆಸರನ್ನೋ ಎರೆಯ ಹಿಟ್ಟನ್ನೋ ಅಂಗೈಗೆ ಉಜ್ಜಿಕೊಂಡು ಆಮೇಲೆ ಎರೆ ಮುಟ್ಟಿ.

ತುಕ್ಕು ಬಿಡಿಸುವ ಸ್ಪ್ರೇ, ಸೀಮೆಎಣ್ಣೆ ಎರೆಗೆ ಹಾಕಿದರೆ ಮೀನು ಬರುತ್ತದೆ ಎಂಬ ಮಾತು ಓಡಾಡುತ್ತದೆ. ಅವು ಪೆಟ್ರೋಲಿಯಂ ವಸ್ತುಗಳು, ನೀರಿಗೆ ವಿಷ. ಹಾಕಬೇಡಿ.

ಕೆಲಸ ಮಾಡದಿದ್ದರೆ

ಸಣ್ಣ ಮೀನುಗಳೇ ಮುತ್ತಿಕೊಂಡು ಎರೆ ಚಿವುಟುತ್ತಿದ್ದರೆ ಸೆಂಟ್ ಕೆಲಸ ಮಾಡುತ್ತಿದೆ, ಆದರೆ ಎರೆ ತುಂಬಾ ಮೃದುವಾಗಿದೆ. ನುಣ್ಣನೆಯ ಪುಡಿ ಕಡಿಮೆ ಮಾಡಿ, ಉಂಡೆ ದೊಡ್ಡದು ಮತ್ತು ಗಟ್ಟಿ ಮಾಡಿ, ದ್ರವ ಸೆಂಟ್ ಅರ್ಧಕ್ಕೆ ಇಳಿಸಿ. ಮೇವು ಹೆಚ್ಚು ಚೆಲ್ಲಿ ಮೀನಿನ ಹೊಟ್ಟೆ ತುಂಬಿಸಿದರೂ ಗಾಳದ ಎರೆಗೆ ಬೆಲೆ ಇರುವುದಿಲ್ಲ. ಕಿತ್ತಳೆ ಗಾತ್ರದ ಎರಡು ಮೂರು ಉಂಡೆಯಿಂದ ಶುರು ಮಾಡಿ.

ಮೀನು ಬಂದಂತೆ ಕಂಡು ಒಮ್ಮೆಲೇ ಚದುರಿದರೆ ಮೇವಿಗೆ ಏನು ಹಾಕಿದ್ದೀರಿ ನೋಡಿಕೊಳ್ಳಿ. ಗೆಂಡೆ, ಕ್ಯಾಟ್‌ಫಿಶ್ ಮತ್ತು ಅವುಗಳ ಬಳಗದ ಮೀನುಗಳ ಚರ್ಮ ಹರಿದಾಗ ಒಂದು ಎಚ್ಚರಿಕೆಯ ವಸ್ತು ನೀರಿಗೆ ಬಿಡುಗಡೆಯಾಗುತ್ತದೆ, ಅದನ್ನು ಹಿಡಿದ ಅದೇ ಜಾತಿಯ ಮೀನುಗಳು ಓಡಿ ಅಡಗುತ್ತವೆ. ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ಇದನ್ನು ಗುರುತಿಸಿದರು. ಗೆಂಡೆಗೆಂದು ಗೆಂಡೆಯನ್ನೇ ಜಜ್ಜಿ ಮೇವಿಗೆ ಹಾಕಿದರೆ ಆಗುವುದು ಇದೇ. ಬೇಟೆ ಮೀನಿಗೆ ಗಾಳ ಹಾಕುವವರಿಗೆ ಮಾತ್ರ ಲೆಕ್ಕ ತಿರುಗುಮುರುಗು: ಪೈಕ್‌ನಂಥ ಮೀನು ಈ ವಾಸನೆಗೆ ಹತ್ತಿರ ಬರುತ್ತದೆ.

ನಿನ್ನೆ ನಡೆದದ್ದು ಇಂದು ನಡೆಯದಿದ್ದರೆ ಮೊದಲು ನೀರಿನ ಉಷ್ಣತೆ, ಆಮೇಲೆ ಗಾಳಿಯ ದಿಕ್ಕು, ಕೊನೆಗೆ ಬಾಟಲಿ ನೋಡಿ. ಮೀನೆಣ್ಣೆಗೆ ಬಣ್ಣದ ಅಥವಾ ಹಳೆ ಕರಿದ ಎಣ್ಣೆಯ ಕಮಟು ಬಂದಿದ್ದರೆ ಅದು ಗಾಳಿ ಬೆಳಕಿಗೆ ಕೆಟ್ಟಿದೆ.

ಸೆಂಟ್ ನಿಜಕ್ಕೂ ಲಾಭವೇ ಎಂದು ತಿಳಿಯಲು ಎರಡು ರಾಡ್ ಬೇಕು. ಒಂದೇ ಎರೆ, ಒಂದೇ ಮುಳ್ಳು, ಒಂದೇ ಆಳ. ಒಂದಕ್ಕೆ ಸೆಂಟ್, ಇನ್ನೊಂದಕ್ಕೆ ಅಷ್ಟೇ ಹನಿ ಬರೇ ನೀರು. ಹತ್ತು ಮೀಟರ್ ಅಂತರ ಇಟ್ಟು, ಗಂಟೆಗೊಮ್ಮೆ ಜಾಗ ಅದಲು ಬದಲು ಮಾಡಿ. ಕಚ್ಚಿದ್ದು ಮತ್ತು ಹಿಡಿದದ್ದು ಎರಡನ್ನೂ ಬೇರೆ ಬೇರೆ ಬರೆದಿಡಿ: ಕಚ್ಚಿದ್ದು ಹೆಚ್ಚಿ ಹಿಡಿದದ್ದು ಹೆಚ್ಚದಿದ್ದರೆ ವಾಸನೆ ಸರಿ, ರುಚಿ ಸರಿಯಿಲ್ಲ, ಅಂದರೆ ಪ್ರಮಾಣ ಜಾಸ್ತಿ. ಒಂದು ದಿನದ ಫಲಿತಾಂಶದಿಂದ ಏನೂ ಹೇಳಲಾಗದು. ಆರೇಳು ಸಲ ಹೋದ ಮೇಲೆ ಪಟ್ಟಿ ನೋಡಿ.

ಹೋಗುವ ಮೊದಲು, ಬಂದ ಮೇಲೆ

ಕೆಲವು ನೀರುಗಳಲ್ಲಿ ಕೃತಕ ಲ್ಯೂರ್‌ಗೆ ಮಾತ್ರ ಅವಕಾಶವಿದ್ದು, ಸೆಂಟ್ ಹಚ್ಚಿದ ಲ್ಯೂರನ್ನು ಎರೆ ಎಂದೇ ಪರಿಗಣಿಸುತ್ತಾರೆ. ಮೇವು ಎರಚುವುದಕ್ಕೂ ಹಲವೆಡೆ ನಿಷೇಧವಿದೆ. ಆ ನೀರಿನ ನಿಯಮ ಓದಿಕೊಂಡು ಹೋಗಿ. ರುಚಿ ಹಿಡಿಸಿದ ಎರೆಯನ್ನು ಮೀನು ಆಳಕ್ಕೆ ನುಂಗುವುದುಂಟು. ಹಿಡಿದು ಬಿಡುವವರು ವೃತ್ತಾಕಾರದ ಸರ್ಕಲ್ ಕೊಕ್ಕೆ ಬಳಸಿ, ಕಚ್ಚಿದಾಗ ಜರ್ರನೆ ಎಳೆಯದೆ ದಾರ ನಿಧಾನ ಬಿಗಿಗೊಳಿಸಿದರೆ ಬಾಯಿಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ.

ಎಣ್ಣೆ ಸೆಂಟ್‌ಗಳನ್ನು ಕಂದು ಗಾಜಿನ ಬಾಟಲಿಯಲ್ಲಿ, ಕತ್ತಿನವರೆಗೆ ತುಂಬಿ, ತಂಪಿನಲ್ಲಿಡಿ; ಅರ್ಧ ಖಾಲಿಯಾದಾಗ ಸಣ್ಣ ಬಾಟಲಿಗೆ ಬದಲಿಸಿದರೆ ಒಳಗೆ ಉಳಿಯುವ ಗಾಳಿ ಕಡಿಮೆ. ಪ್ರತಿ ಬಾಟಲಿಗೂ ತೆರೆದ ದಿನಾಂಕ ಬರೆದ ಚೀಟಿ ಅಂಟಿಸಿ. ಗಾಳದ ಪೆಟ್ಟಿಗೆಯಲ್ಲಿ ಎಲ್ಲ ಬಾಟಲಿಗಳನ್ನೂ ಮುಚ್ಚಳವಿರುವ ಪ್ರತ್ಯೇಕ ಡಬ್ಬಿಯೊಳಗೆ ನಿಲ್ಲಿಸಿ. ಒಂದು ಸೋರಿದರೆ ಲ್ಯೂರ್, ದಾರ, ಚೀಲ ಎಲ್ಲಕ್ಕೂ ಅದೇ ವಾಸನೆ ಹಿಡಿದು, ತೊಳೆದರೂ ತಿಂಗಳುಗಟ್ಟಲೆ ಬಿಡುವುದಿಲ್ಲ.